ವಾರಕ್ಕೊಮ್ಮೆ ಮನೋವೈದ್ಯರು ಬರುವ 50 ಹಾಸಿಗೆ ಆಸ್ಪತ್ರೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಎಷ್ಟು ಅನ್ವಯ?

ಪ್ರಶ್ನೆ: ಆಸ್ಪತ್ರೆ_ಆಡಳಿತ (ಹಾವೇರಿ ಕಡೆ)

ತಾಲ್ಲೂಕು ಕೇಂದ್ರದ ಖಾಸಗಿ ಜನರಲ್ ಆಸ್ಪತ್ರೆ. 50 ಹಾಸಿಗೆ, ಅದರಲ್ಲಿ 6 ಐಸಿಯು. ಮೆಡಿಸಿನ್, ಸರ್ಜರಿ, ಮೂಳೆ, ಹೆರಿಗೆ ವಿಭಾಗ ಇವೆ. ಮನೋವೈದ್ಯರು ಗುರುವಾರ ಮಧ್ಯಾಹ್ನ ಮಾತ್ರ ಓಪಿಡಿಗೆ ಬರುತ್ತಾರೆ. ಸೈಕಿಯಾಟ್ರಿ ವಾರ್ಡ್ ಇಲ್ಲ, ತೆರೆಯುವ ಯೋಚನೆಯೂ ಇಲ್ಲ. ಆದರೆ ಕ್ಯಾಶುವಾಲ್ಟಿಗೆ ಕೀಟನಾಶಕ ಕುಡಿದವರು, ಕುಡಿತ ಬಿಟ್ಟ ಎರಡನೇ ದಿನ ನಡುಗುತ್ತಾ ಬರುವವರು, ಸ್ಕಿಜೋಫ್ರೇನಿಯಾ ಮಾತ್ರೆ ತಗೊಳ್ಳುತ್ತಿದ್ದು ಕಾಲು ಮುರಿದುಕೊಂಡವರು ಬರುತ್ತಲೇ ಇರುತ್ತಾರೆ.

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆ. ಅದು ಸಾಕೋ, ಮಾನಸಿಕ ಆರೋಗ್ಯ ಕಾಯ್ದೆಯಡಿ ಬೇರೆ ನೋಂದಣಿ ಬೇಕೋ? ಮನೋವೈದ್ಯರು ಇಲ್ಲದ ಹೊತ್ತಿನಲ್ಲಿ ಡ್ಯೂಟಿ ಡಾಕ್ಟರ್ ಏನು ಮಾಡಬಹುದು, ಏನು ಮಾಡಬಾರದು? ಮನೆಯವರ ಸಹಿ ಇದ್ದರೆ ಸಾಲದೇ? ವಿಮೆ ಕಂಪನಿಗಳು ಇಂಥ ಕ್ಲೇಮ್ ತಿರಸ್ಕರಿಸಿದರೆ ಏನು ದಾರಿ? ಗೊತ್ತಿರುವವರು ಸೆಕ್ಷನ್ ಸಮೇತ ಹೇಳಿದರೆ ಒಂದು ಕಾರ್ಯವಿಧಾನ ಬರೆದು ಕ್ಯಾಶುವಾಲ್ಟಿ ಗೋಡೆಗೆ ಅಂಟಿಸಬಹುದು.

ಉತ್ತರ 1: ಕಾನೂನು_ನೋಟ

ಕೆಪಿಎಂಇ ಬೇರೆ, ಇದು ಬೇರೆ. ಒಂದರ ಸರ್ಟಿಫಿಕೇಟು ಇನ್ನೊಂದಕ್ಕೆ ನಡೆಯುವುದಿಲ್ಲ.

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ‘ಮಾನಸಿಕ ಆರೋಗ್ಯ ಸಂಸ್ಥೆ’ ಅನ್ನುವುದರ ವ್ಯಾಖ್ಯೆ ಬಹಳ ಅಗಲ. ಜನರಲ್ ಆಸ್ಪತ್ರೆ, ಜನರಲ್ ನರ್ಸಿಂಗ್ ಹೋಮ್ ಎರಡನ್ನೂ ಹೆಸರು ಹೇಳಿಯೇ ಅದರೊಳಗೆ ಸೇರಿಸಿದ್ದಾರೆ. ಅದೇ ವ್ಯಾಖ್ಯೆಯಲ್ಲಿ, ಮಾನಸಿಕ ಕಾಯಿಲೆ ಇರುವವರನ್ನು ಚಿಕಿತ್ಸೆಗೆ ದಾಖಲಿಸಿ ಇರಿಸಿಕೊಳ್ಳುವ ಜಾಗ ಎಂಬ ಮಾತೂ ಇದೆ. ಹಾಗಾಗಿ ಗುರುವಾರದ ಓಪಿಡಿ ಒಂದಕ್ಕೇ ನೋಂದಣಿ ಬೇಡ. ವಿಷ ಕುಡಿದವರನ್ನು ವಿಷದ ಚಿಕಿತ್ಸೆಗೆ ಐಸಿಯುಗೆ ಸೇರಿಸಿಕೊಂಡರೆ ಅದು ದೈಹಿಕ ತುರ್ತು.

ಎಡವುವುದು ಕುಡಿತದ ಕೇಸುಗಳಲ್ಲಿ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಕಾಯ್ದೆಯ ‘ಮಾನಸಿಕ ಕಾಯಿಲೆ’ಯ ವ್ಯಾಖ್ಯೆಗೆ ಸೇರುತ್ತವೆ. ಕೇಸ್‌ಶೀಟಿನಲ್ಲಿ ‘ಮದ್ಯ ಹಿಂತೆಗೆತ, ಡಿಲೀರಿಯಂ’ (ಕುಡಿತ ಬಿಟ್ಟಾಗ ಬರುವ ನಡುಕ, ಬುದ್ಧಿಭ್ರಮೆ) ಅಂತ ಬರೆದು ಐದು ದಿನ ಇಟ್ಟುಕೊಂಡರೆ ನೀವು ಮಾನಸಿಕ ಕಾಯಿಲೆಗೇ ದಾಖಲಿಸಿದಂತೆ. ನನ್ನ ಸಲಹೆ: ತಿಂಗಳಿಗೆ ಅಂಥ ಎರಡು ಕೇಸು ಬಂದರೂ ನೋಂದಣಿ ಮಾಡಿಸಿ. ಸೆಕ್ಷನ್ 107ರಲ್ಲಿ ನೋಂದಣಿಯಿಲ್ಲದೆ ನಡೆಸುವುದಕ್ಕೆ ಮೊದಲ ಸಲ 5,000ದಿಂದ 50,000 ರೂಪಾಯಿ, ಎರಡನೇ ಸಲ 50,000ದಿಂದ 2 ಲಕ್ಷ, ಆಮೇಲೆ 5 ಲಕ್ಷದವರೆಗೆ ದಂಡ. ಅಂಥ ಕಡೆ ಗೊತ್ತಿದ್ದೂ ಕೆಲಸ ಮಾಡುವ ಮನೋವೈದ್ಯರಿಗೂ 25,000ದವರೆಗೆ ದಂಡವಿದೆ. ನಿಮ್ಮ ಗುರುವಾರದ ಡಾಕ್ಟರನ್ನು ಸುಮ್ಮನೆ ಸಿಕ್ಕಿಸಬೇಡಿ.

ನೋಂದಣಿ ಅಂದುಕೊಂಡಷ್ಟು ಕಷ್ಟವಿಲ್ಲ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಇದಕ್ಕೆ ಇ-ಮನಸ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಅರ್ಜಿ ಸರಿ ಇದ್ದರೆ 10 ದಿನದೊಳಗೆ ತಾತ್ಕಾಲಿಕ ನೋಂದಣಿ ಕೊಡಬೇಕು ಅಂತ ಸೆಕ್ಷನ್ 66 ಹೇಳುತ್ತದೆ, ಅದರ ಅವಧಿ 12 ತಿಂಗಳು. ಆಮೇಲೆ ಕನಿಷ್ಠ ಮಾನದಂಡ ಪೂರೈಸಿ ಕಾಯಂ ನೋಂದಣಿ. ಮೂರು ವರ್ಷಕ್ಕೊಮ್ಮೆ ಆಡಿಟ್.

ಇನ್ನು ಮನೆಯವರ ಸಹಿ. ಇದನ್ನು ದಪ್ಪ ಅಕ್ಷರದಲ್ಲೇ ಅಂಟಿಸಿ: ರೋಗಿಗೆ ನಿರ್ಧಾರ ಮಾಡುವ ಸಾಮರ್ಥ್ಯ ಇದ್ದರೆ ಸಹಿ ಅವನದೇ, ಅಪ್ಪನದೂ ಅಲ್ಲ, ಗಂಡನದೂ ಅಲ್ಲ. ಸೆಕ್ಷನ್ 4ರ ಪ್ರಕಾರ ಸಾಮರ್ಥ್ಯ ಅಂದರೆ ಹೇಳಿದ್ದು ಅರ್ಥವಾಗಬೇಕು, ಒಪ್ಪಿದರೆ ಬಿಟ್ಟರೆ ಏನಾಗುತ್ತದೆ ಅನ್ನುವ ಅಂದಾಜು ಇರಬೇಕು, ತನ್ನ ತೀರ್ಮಾನವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಲು ಬರಬೇಕು. ತೀರ್ಮಾನ ನಮಗೆ ತಪ್ಪು ಅನಿಸಿತು ಅಂದ ಮಾತ್ರಕ್ಕೆ ಸಾಮರ್ಥ್ಯ ಇಲ್ಲ ಅನ್ನುವಂತಿಲ್ಲ. ಹೀಗೆ ತಾನಾಗಿ ಬಂದು ಸೇರುವುದು ಸೆಕ್ಷನ್ 86. ಸಾಮರ್ಥ್ಯ ಇಲ್ಲದೆ, ತನಗೋ ಇತರರಿಗೋ ಅಪಾಯ ಇದ್ದಾಗ ಸೆಕ್ಷನ್ 89: ನಾಮನಿರ್ದೇಶಿತ ಪ್ರತಿನಿಧಿಯ (ಕಾಯ್ದೆಯಂತೆ ರೋಗಿಯ ಪರವಾಗಿ ನಿಲ್ಲುವವರ) ಅರ್ಜಿ ಬೇಕು, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರೋ ವೈದ್ಯರೋ ಬೇರೆಬೇರೆಯಾಗಿ, ಅದೇ ದಿನ ಅಥವಾ ಹಿಂದಿನ 7 ದಿನದೊಳಗೆ, ಪರೀಕ್ಷಿಸಿರಬೇಕು. ಗರಿಷ್ಠ 30 ದಿನ. ಹೆಂಗಸರು ಮತ್ತು ಅಪ್ರಾಪ್ತರ ವಿಷಯದಲ್ಲಿ 3 ದಿನದೊಳಗೆ, ಉಳಿದವರದು 7 ದಿನದೊಳಗೆ ಮಾನಸಿಕ ಆರೋಗ್ಯ ರಿವ್ಯೂ ಬೋರ್ಡಿಗೆ (ಇಂಥ ದಾಖಲಾತಿ ಪರಿಶೀಲಿಸುವ ಮಂಡಳಿಗೆ) ತಿಳಿಸಬೇಕು. ವಾರಕ್ಕೊಮ್ಮೆ ಬರುವ ಮನೋವೈದ್ಯರನ್ನು ಇಟ್ಟುಕೊಂಡು 89ರ ದಾಖಲಾತಿಗೆ ಕೈ ಹಾಕಬೇಡಿ, ಅದು ನಿಮ್ಮಿಂದ ಆಗುವ ಕೆಲಸವಲ್ಲ.

ನಿಮಗೆ ದಿನಾ ಬೇಕಾಗುವುದು ಸೆಕ್ಷನ್ 94. ಇದು ನೋಂದಣಿ ಇಲ್ಲದ ಆಸ್ಪತ್ರೆಗೂ, ಯಾವುದೇ ನೋಂದಾಯಿತ ವೈದ್ಯರಿಗೂ ಅನ್ವಯ. ಸಾವು ಅಥವಾ ಸರಿಪಡಿಸಲಾಗದ ಹಾನಿ, ತನಗೋ ಇತರರಿಗೋ ಗಂಭೀರ ಗಾಯ, ಕಾಯಿಲೆಯಿಂದಾಗಿ ಆಸ್ತಿಗೆ ದೊಡ್ಡ ನಷ್ಟ, ಇವನ್ನು ತಡೆಯಲು ತಕ್ಷಣದ ಚಿಕಿತ್ಸೆ ಕೊಡಬಹುದು. ಪ್ರತಿನಿಧಿ ಸ್ಥಳದಲ್ಲಿದ್ದರೆ ಅವರ ಒಪ್ಪಿಗೆ ತಗೊಳ್ಳಿ, ಇಲ್ಲದಿದ್ದರೆ ಕಾಯುತ್ತಾ ಕೂರಬೇಡಿ. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಈ ತುರ್ತು ಚಿಕಿತ್ಸೆಯಲ್ಲೇ ಸೇರುತ್ತದೆ. ಮಿತಿ 72 ಗಂಟೆ, ಅಥವಾ ಅಂಥ ಸಂಸ್ಥೆಯಲ್ಲಿ ಪರೀಕ್ಷೆ ಆಗುವವರೆಗೆ, ಯಾವುದು ಮೊದಲೋ ಅದು. ತುರ್ತಿನ ಹೆಸರಿನಲ್ಲಿ ಇಸಿಟಿ (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಡುವಂತಿಲ್ಲ.

ಕಾಯ್ದೆ ಓದುವವರಿಗೆ ಒಂದು ಎಚ್ಚರಿಕೆ. ಮುಂಗಡ ನಿರ್ದೇಶನ (ಮುಂದೆ ಕಾಯಿಲೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವುದು) ತುರ್ತು ಚಿಕಿತ್ಸೆಗೆ ಅನ್ವಯಿಸುವುದಿಲ್ಲ ಎಂದು ಹೇಳುವ ಸೆಕ್ಷನ್ 9ರಲ್ಲಿ ‘ಸೆಕ್ಷನ್ 103’ ಅಂತ ಅಚ್ಚಾಗಿದೆ. 103 ಇರುವುದು ಕೈದಿಗಳ ಬಗ್ಗೆ. ಉದ್ದೇಶಿಸಿದ್ದು 94 ಎಂದೇ ಓದಿಕೊಳ್ಳಬೇಕು.

ಉತ್ತರ 2: ಮನೋವೈದ್ಯ_ಉಕ

ಮೇಲಿನವರು ಹೇಳಿದ 72 ಗಂಟೆಯನ್ನು ಬಹಳ ಕಡೆ ‘72 ಗಂಟೆಯೊಳಗೆ ಮೆಂಟಲ್ ಆಸ್ಪತ್ರೆಗೆ ಸಾಗಹಾಕಬೇಕು’ ಅಂತ ಓದಿಕೊಳ್ಳುತ್ತಾರೆ. ಇದರಿಂದ ಜೀವ ಹೋಗುತ್ತದೆ. 72 ಗಂಟೆ ಅನ್ನುವುದು ಒಪ್ಪಿಗೆ ಇಲ್ಲದೆ ಕೊಡುವ ಮಾನಸಿಕ ಚಿಕಿತ್ಸೆಗೆ ಇರುವ ಗಡಿ. ದೇಹಕ್ಕೆ ಬೇಕಾದ ಚಿಕಿತ್ಸೆಗೆ ಕಾಯ್ದೆ ಯಾವ ಗಡಿಯಾರವನ್ನೂ ಕಟ್ಟಿಲ್ಲ.

ಆರ್ಗ್ಯಾನೊಫಾಸ್ಫೇಟ್ ಕೀಟನಾಶಕದ ಕೇಸನ್ನೇ ನೋಡಿ. ಮೊದಲ ದಿನ ಅಟ್ರೋಪಿನ್ (ಈ ವಿಷಕ್ಕೆ ಕೊಡುವ ಮದ್ದು) ಹಾಕಿ, ಬೆವರು, ಜೊಲ್ಲು ನಿಂತು, ರೋಗಿ ಎದ್ದು ಕೂತು ಮಾತಾಡುತ್ತಾನೆ. ‘ವಿಷ ಇಳಿಯಿತು, ಇನ್ನು ಮನಸ್ಸಿನದು ನೋಡಿಸಿ’ ಅಂತ ರೆಫರ್ ಚೀಟಿ ಬರೆಯುತ್ತಾರೆ. ಆದರೆ 24ರಿಂದ 96 ಗಂಟೆಯೊಳಗೆ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಬಂದು ಕುತ್ತಿಗೆಯ, ಉಸಿರಾಟದ ಸ್ನಾಯುಗಳು ಸೋಲಬಹುದು. ಆ ಹೊತ್ತಿಗೆ ಅವನು ವೆಂಟಿಲೇಟರ್ ಇಲ್ಲದ ಮನೋರೋಗ ಆಸ್ಪತ್ರೆಯಲ್ಲಿದ್ದರೆ? ದಿಂಬಿನಿಂದ ತಲೆ ಎತ್ತಲು ಹೇಳಿ. ಎತ್ತಿ ಹಿಡಿಯಲು ಆಗದಿದ್ದರೆ ಎಲ್ಲಿಗೂ ಕಳಿಸಬೇಡಿ, ಉಸಿರಾಟದ ಕಡೆ ಗಮನ ಕೊಡಿ. ಹಳದಿ ರಂಜಕದ ಇಲಿ ಪಾಷಾಣದಲ್ಲೂ ಇದೇ ಮೋಸ: ಮೊದಲೆರಡು ದಿನ ಚೆನ್ನಾಗಿಯೇ ಕಾಣುತ್ತಾರೆ, ಆಮೇಲೆ ಲಿವರ್ ಕೈಕೊಡುತ್ತದೆ. ಇಂಥವರಿಗೆ ಮಾನಸಿಕ ಆರೈಕೆ ಐಸಿಯು ಹಾಸಿಗೆಯ ಬಳಿಗೇ ಬರಬೇಕು. ಸೆಕ್ಷನ್ 18ರಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ಎಲ್ಲ ಹಂತದ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಿಸಬೇಕು ಅಂತ ಬರೆದಿರುವ ಸಾಲಿಗೆ ಐಸಿಯುನಲ್ಲಿ ಇದೇ ಅರ್ಥ. ಆ ಸೆಕ್ಷನ್ ಸರ್ಕಾರವನ್ನು ಉದ್ದೇಶಿಸಿದ್ದು ನಿಜ. ಸೆಕ್ಷನ್ 21ರ ಸಮಾನತೆ ಮಾತ್ರ ಎಲ್ಲರನ್ನೂ ಕಟ್ಟುತ್ತದೆ: ತುರ್ತು ಸೇವೆ, ಆಂಬುಲೆನ್ಸ್, ವಾರ್ಡಿನ ಸೌಕರ್ಯ ಎಲ್ಲವೂ ದೈಹಿಕ ಕಾಯಿಲೆಯವರಿಗೆ ಇದ್ದ ಗುಣಮಟ್ಟದಲ್ಲೇ ಇರಬೇಕು.

ಹಾಗಾಗಿ ಗುರುವಾರದ ಡಾಕ್ಟರ ಜೊತೆ ಓಪಿಡಿ ಒಪ್ಪಂದದ ಪಕ್ಕದಲ್ಲೇ ‘ಆನ್ ಕಾಲ್’ ಒಪ್ಪಂದವನ್ನೂ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಉಳಿದ ಆರು ದಿನ ವಿಡಿಯೊ ಕರೆಯಲ್ಲಿ ಸಮಾಲೋಚನೆ, ಕೇಸ್‌ಶೀಟಿನಲ್ಲಿ ಕರೆಯ ಸಮಯ, ಕೊಟ್ಟ ಸಲಹೆ, ಡ್ಯೂಟಿ ಡಾಕ್ಟರ್ ಸಹಿ. ಕರೆ ಮಾಡುವ ಮೊದಲು ಡ್ಯೂಟಿ ಡಾಕ್ಟರ್ ಕೈಯಲ್ಲಿ ಸಕ್ಕರೆ, ಸೋಡಿಯಂ, ಆಕ್ಸಿಜನ್, ಜ್ವರ, ಇಸಿಜಿಯ ಕ್ಯೂಟಿ ಅವಧಿ, ಕೊನೆಯ ಸಲ ಕುಡಿದದ್ದು ಯಾವಾಗ, ಮನೆಯಲ್ಲಿ ತಗೊಳ್ಳುತ್ತಿದ್ದ ಮಾತ್ರೆಗಳ ಹೆಸರು ಇಷ್ಟೂ ಇರಲಿ. ‘ಪೇಷೆಂಟ್ ಗಲಾಟೆ ಮಾಡ್ತಿದಾನೆ, ಏನ್ ಕೊಡ್ಲಿ ಸರ್’ ಅನ್ನುವ ಕರೆಗೆ ಸರಿಯಾದ ಉತ್ತರ ಯಾರಿಂದಲೂ ಬರುವುದಿಲ್ಲ.

ಮನೆಯ ಮಾತ್ರೆಗಳ ವಿಷಯ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಮೂಳೆ ವಾರ್ಡಿನಲ್ಲಿ ಹಾನಿಯಾಗುವುದು ಇಲ್ಲೇ. ಕಾಲು ಮುರಿದವನನ್ನು ಆಪರೇಶನ್ನಿಗೆ ಉಪವಾಸ ಇಡುವಾಗ ಮಾತ್ರೆ ಎಲ್ಲ ನಿಲ್ಲಿಸುತ್ತಾರೆ, ಆಮೇಲೆ ಶುರು ಮಾಡಲು ಯಾರಿಗೂ ನೆನಪಿರುವುದಿಲ್ಲ. ಕ್ಲೋಜಪಿನ್ (ಸ್ಕಿಜೋಫ್ರೇನಿಯಾದ ಒಂದು ಮಾತ್ರೆ) 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸ್ ನೇರವಾಗಿ ಕೊಡಬಾರದು, ಮತ್ತೆ 12.5 ಮಿ.ಗ್ರಾಂನಿಂದ ಏರಿಸುತ್ತಾ ಬರಬೇಕು. ಇಲ್ಲದಿದ್ದರೆ ಬಿಪಿ ಕುಸಿಯುತ್ತದೆ, ಫಿಟ್ಸ್ ಬರಬಹುದು. ಬೀಡಿ ಸೇದುವವನು ವಾರ್ಡಿನಲ್ಲಿ ಸೇದಲಾಗದೆ ಬಿಟ್ಟರೆ ರಕ್ತದಲ್ಲಿ ಕ್ಲೋಜಪಿನ್ ಮಟ್ಟ ತಾನಾಗಿ ಏರುತ್ತದೆ. ಮಲಬದ್ಧತೆಯನ್ನು ಹಗುರವಾಗಿ ನೋಡಬೇಡಿ, ಕ್ಲೋಜಪಿನ್ ರೋಗಿಗಳಲ್ಲಿ ಕರುಳು ನಿಂತುಹೋಗಿ ಸಾವು ಬರುವುದುಂಟು. ಲಿಥಿಯಂ (ಬೈಪೋಲಾರ್ ಕಾಯಿಲೆಯ ಮಾತ್ರೆ) ತಗೊಳ್ಳುವವರಿಗೆ ಮೂಳೆ ನೋವಿಗೆ ಡೈಕ್ಲೊಫೆನಾಕ್ ಹಾಕಿದರೆ, ಅಥವಾ ವಾಂತಿ ಭೇದಿಯಿಂದ ನೀರು ಕಡಿಮೆಯಾದರೆ, ಲಿಥಿಯಂ ವಿಷವಾಗಬಹುದು. ಕೈ ದೊಡ್ಡದಾಗಿ ನಡುಗುವುದು, ಮಾತು ತೊದಲುವುದು ಕಂಡ ಕೂಡಲೇ ನಿಲ್ಲಿಸಿ ರಕ್ತಕ್ಕೆ ಕಳಿಸಿ. ಮಾಮೂಲಿ ಲೆವೆಲ್ ನೋಡಲು ಕೊನೆಯ ಡೋಸಿನಿಂದ 12 ಗಂಟೆಗೆ ರಕ್ತ ತೆಗೆಯಬೇಕು, ಲೀಟರಿಗೆ 0.6ರಿಂದ 1.2 mEq ಒಳಗಿರಬೇಕು. ವಿಷದ ಲಕ್ಷಣ ಇದ್ದಾಗ 12 ಗಂಟೆ ಕಾಯಬೇಡಿ.

ಇನ್ನೊಂದು ಮಾತು. ಫೈಲಿನ ಮೇಲೆ ‘ಸೈಕ್ ಕೇಸ್’ ಅಂತ ಬರೆಯುವ ಅಭ್ಯಾಸ ದಯವಿಟ್ಟು ಬಿಡಿಸಿ. ಅದನ್ನು ಬರೆದ ಮೇಲೆ ಎದೆನೋವಿಗೆ ಇಸಿಜಿ ತೆಗೆಯುವುದು ತಡವಾಗುತ್ತದೆ, ಹೊಟ್ಟೆನೋವಿಗೆ ಸ್ಕ್ಯಾನ್ ತಡವಾಗುತ್ತದೆ. ಸೆಕ್ಷನ್ 21 ತಡೆಯಲು ಹೊರಟಿರುವ ತಾರತಮ್ಯ ಅದೇ.

ಉತ್ತರ 3: ಐಸಿಯು_ಸಿಸ್ಟರ್

ಡಾಕ್ಟರ್ ಹೇಳಿದ್ದಕ್ಕೆ ನರ್ಸಿಂಗ್ ಕಡೆಯಿಂದ ಎರಡು ಮಾತು. ರಾತ್ರಿ 2 ಗಂಟೆಗೆ ಕೆಲಸಕ್ಕೆ ಬರುವಂಥವು.

ಕೀಟನಾಶಕದ ರೋಗಿ ಎರಡನೇ ದಿನ ಐವಿ ಕೀಳುತ್ತಾನೆ, ಹೊದಿಕೆಯ ಮೇಲೆ ಏನೋ ಹೆಕ್ಕುತ್ತಿರುವಂತೆ ಬೆರಳಾಡಿಸುತ್ತಾನೆ, ಗೋಡೆ ಜೊತೆ ಮಾತಾಡುತ್ತಾನೆ. ಮುಟ್ಟಿ ನೋಡಿ. ಚರ್ಮ ಒಣಗಿ ಬಿಸಿಯಾಗಿದ್ದು, ಪಾಪೆ ದೊಡ್ಡದಾಗಿ, ನಾಡಿ ಓಡುತ್ತಾ, ಹೊಟ್ಟೆ ಶಬ್ದ ಇಲ್ಲದೆ, ಮೂತ್ರ ಕಟ್ಟಿದ್ದರೆ ಅದು ಅಟ್ರೋಪಿನ್ ಜಾಸ್ತಿಯಾದದ್ದು. ಡ್ರಿಪ್ ಕಡಿಮೆ ಮಾಡಬೇಕೇ ಅಂತ ಡಾಕ್ಟರನ್ನು ಕೇಳಿ. ಮೈ ಬೆವರಿ ಒದ್ದೆಯಾಗಿದ್ದು, ಕೈ ನಡುಗುತ್ತಿದ್ದು, ಕೊನೆಯ ಕುಡಿತಕ್ಕೆ 48ರಿಂದ 72 ಗಂಟೆ ಆಗಿದ್ದರೆ ಅದು ಹೆಚ್ಚಾಗಿ ಮದ್ಯದ ಡಿಲೀರಿಯಂ. ಆದರೆ ಬೆವರಿನ ಜೊತೆ ಪಾಪೆ ಸೂಜಿ ಮೊನೆಯಷ್ಟಾಗಿದ್ದರೆ ವಿಷವೇ ಇನ್ನೂ ಇಳಿದಿಲ್ಲ. ಹಲವರಲ್ಲಿ ವಿಷ, ಕುಡಿತ ಎರಡೂ ಒಟ್ಟಿಗೇ ಇರುತ್ತವೆ, ಅದಕ್ಕೇ ಮನೆಯವರನ್ನು ಕೊನೆಯ ಸಲ ಕುಡಿದದ್ದು ಯಾವಾಗ ಅಂತ ದಾಖಲಾತಿ ಹೊತ್ತಿನಲ್ಲೇ ಕೇಳಿ ಬರೆದಿಡಬೇಕು.

ಗಲಾಟೆಗೆ ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್ ಒಂದೇ ಸಿರಿಂಜಿನಲ್ಲಿ ಎಳೆಯುವುದು ಎಲ್ಲ ಕಡೆ ರೂಢಿ. ಅಟ್ರೋಪಿನ್ ಡಿಲೀರಿಯಂನಲ್ಲಿ ಪ್ರೊಮೆಥಜಿನ್ ಬೆಂಕಿಗೆ ತುಪ್ಪ, ಅದರ ಗುಣವೂ ಅಟ್ರೋಪಿನ್ನಿನದೇ. ಆರ್ಡರ್ ಬಂದರೂ ಒಮ್ಮೆ ‘ಸರ್, ಅಟ್ರೋಪಿನ್ ಮೇಲಿದಾರೆ’ ಅಂತ ನೆನಪಿಸಿ. ಕುಡಿತದವರಿಗೆ ಗ್ಲೂಕೋಸ್ ಬಾಟಲಿ ಹಾಕುವ ಮೊದಲು ಥಯಮಿನ್ (ವಿಟಮಿನ್ ಬಿ1) ಹೋಗಿರಬೇಕು.

ಕೈ ಕಟ್ಟುವ ವಿಷಯ: ಸೆಕ್ಷನ್ 97 ಪ್ರಕಾರ ಬೇರೆ ಯಾವ ದಾರಿಯೂ ಇಲ್ಲದಾಗ, ತಕ್ಷಣದ ಅಪಾಯ ತಪ್ಪಿಸಲು, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಮೇಲೆ ಮಾತ್ರ. ಸಿಬ್ಬಂದಿ ಕಡಿಮೆ ಅನ್ನುವುದು ಕಾರಣವಾಗಲಾರದು ಅಂತ ಕಾಯ್ದೆಯೇ ಹೇಳುತ್ತದೆ. ಏನು ಬಳಸಿ ಕಟ್ಟಿದ್ದು, ಯಾಕೆ, ಎಷ್ಟು ಹೊತ್ತು ಎಲ್ಲ ಬರೆಯಬೇಕು. ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಸೆಕ್ಷನ್ನಿನ ಮಾತು ನೋಂದಾಯಿತ ಸಂಸ್ಥೆಗಳಿಗೆ ಆದರೂ ಜನರಲ್ ಐಸಿಯುನಲ್ಲಿ ಇದನ್ನೇ ನಿಯಮ ಮಾಡಿಕೊಂಡರೆ ರೋಗಿಗೂ ಒಳ್ಳೆಯದು, ನಮಗೂ ರಕ್ಷಣೆ. ಗಾಜ್ ಬಟ್ಟೆಯಲ್ಲಿ ಬಿಗಿದು ಕಟ್ಟಿದರೆ ಮಣಿಕಟ್ಟಿನ ನರ ಹೋಗುತ್ತದೆ. ಹತ್ತಿಯ ಪ್ಯಾಡ್ ಇಟ್ಟು, ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಬಿಟ್ಟು, 15 ನಿಮಿಷಕ್ಕೊಮ್ಮೆ ಬೆರಳ ತುದಿಯ ಬಣ್ಣ ನೋಡಿ. ಎಷ್ಟೋ ಸಲ ದೀಪ ಹಾಕಿ, ಕನ್ನಡಕ ಕೊಟ್ಟು, ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿದರೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ.

ಮತ್ತೆ ಪ್ರಶ್ನೆ: ಆಸ್ಪತ್ರೆ_ಆಡಳಿತ

ಎಲ್ಲರಿಗೂ ಧನ್ಯವಾದ. ವಿಷ ಕುಡಿದವರ ಮನೆಯವರು ಪೊಲೀಸ್ ಕೇಸಿನ ಹೆದರಿಕೆಗೆ ಎರಡನೇ ದಿನವೇ ‘ನಮ್ಮ ಜವಾಬ್ದಾರಿ’ ಅಂತ ಬರೆದುಕೊಟ್ಟು ಕರ್ಕೊಂಡು ಹೋಗುತ್ತಾರೆ. ಇದಕ್ಕೆ ಏನು ಹೇಳಬೇಕು? ವಿಮೆಯ ಪ್ರಶ್ನೆಯೂ ಉಳಿದಿದೆ.

ಉತ್ತರ 4: ಕಾನೂನು_ನೋಟ

ಸೆಕ್ಷನ್ 115: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಐಪಿಸಿ 309 ಇಲ್ಲವೇ ಇಲ್ಲ. ಉಳಿದಿರುವ 226, ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಹೇರಲೆಂದು ಆತ್ಮಹತ್ಯೆಗೆ ಯತ್ನಿಸಿದವರಿಗೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಬರೆಯುವುದು ನಿಲ್ಲಿಸಬೇಡಿ. ಬೇರೆ ಯಾರಾದರೂ ಕುಡಿಸಿದ್ದರೆ ರೋಗಿಗೆ ಅದೇ ರಕ್ಷಣೆ. ಮನೆಯವರಿಗೆ ಇಷ್ಟು ಹೇಳಿ: ‘ಪೊಲೀಸರು ಬಂದು ಹೇಳಿಕೆ ಬರ್ಕೊಂಡು ಹೋಗ್ತಾರೆ. ನಿಮ್ಮ ಹುಡುಗನ ಮೇಲೆ ಕೇಸ್ ಹಾಕೋಕೆ ಕಾನೂನು ಇಲ್ಲ. ಆದ್ರೆ ಕುತ್ತಿಗೆ ಬೀಳೋ ಅಪಾಯ ನಾಲ್ಕನೇ ದಿನದವರೆಗೂ ಇದೆ.’ ಈ ಮಾತನ್ನು ದಾಖಲಾದ ದಿನವೇ ಹೇಳಬೇಕು. ಮನೆಯವರು ಗಾಡಿ ತರಿಸಿಕೊಂಡ ಮೇಲೆ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ‘ನಮ್ಮ ಜವಾಬ್ದಾರಿ’ ಚೀಟಿಗೂ ಅದೇ ನಿಯಮ: ರೋಗಿಗೆ ಸಾಮರ್ಥ್ಯ ಇದ್ದರೆ ಹೋಗುವ ತೀರ್ಮಾನ ಅವನದು, ಮನೆಯವರದಲ್ಲ. ಅವನನ್ನು ಒಬ್ಬನನ್ನೇ ಕೂರಿಸಿ ಕೇಳಿ.

ಉತ್ತರ 5: ಬಿಲ್ಲಿಂಗ್_ಡೆಸ್ಕ್

ವಿಮೆ: ಸೆಕ್ಷನ್ 21(4) ಪ್ರಕಾರ ದೈಹಿಕ ಕಾಯಿಲೆಗೆ ಇರುವ ನೆಲೆಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು. ವಿಮೆ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2018ರ ಆಗಸ್ಟ್ 16ರಂದೇ ಸುತ್ತೋಲೆ ಹೊರಡಿಸಿತು, 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಯೂ ಸರಿಯಾಗಬೇಕು ಅಂತ ಮತ್ತೆ ಗಡುವು ಕೊಟ್ಟಿತು. 2021ರಲ್ಲಿ ದೆಹಲಿ ಹೈಕೋರ್ಟ್ ಕೂಡ ಮಾನಸಿಕ ಕಾಯಿಲೆಯನ್ನು ಹೊರಗಿಡುವ ಷರತ್ತು ನಿಲ್ಲುವುದಿಲ್ಲ ಎಂದಿದೆ.

ಕ್ಲೇಮ್ ಬೀಳುವುದು ಹೆಚ್ಚಾಗಿ ಕಾಗದದ ತಪ್ಪಿನಿಂದ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಒಬ್ಸರ್ವೇಶನ್’ ಅಂತ ಮಾತ್ರ ಬರೆದರೆ ಮಲಗಿಸುವ ಅಗತ್ಯ ಇರಲಿಲ್ಲ ಅನ್ನುತ್ತಾರೆ. ರೋಗನಿರ್ಣಯ ಐಸಿಡಿ ಕೋಡ್ (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯ ಸಂಖ್ಯೆ) ಸಮೇತ, ಮನೆಯಲ್ಲಿ ಯಾಕೆ ಚಿಕಿತ್ಸೆ ಸಾಧ್ಯವಿರಲಿಲ್ಲ ಅನ್ನುವುದು, ದಿನದಿನದ ಔಷಧಿ ಚಾರ್ಟು, ಮನೋವೈದ್ಯರ ಸಹಿ ಇರುವ ಸಲಹೆ ಇಷ್ಟೂ ಬೇಕು. ಕ್ಲೇಮ್ ಉಳಿಸಲು ಮಾನಸಿಕ ಕಾಯಿಲೆಯನ್ನು ಮುಚ್ಚಿಟ್ಟು ‘ಗ್ಯಾಸ್ಟ್ರೈಟಿಸ್’ ಅಂತ ಬರೆಯುವುದು ಬೇಡವೇ ಬೇಡ, ಮುಂದಿನ ಸಲ ಅದೇ ರೋಗಿಗೆ ಮುಳುವಾಗುತ್ತದೆ. ತಿರಸ್ಕಾರ ಬಂದರೆ ಲಿಖಿತ ಕಾರಣ ಕೇಳಿ, ಮೊದಲು ಕಂಪನಿಯ ದೂರು ವಿಭಾಗಕ್ಕೆ. 30 ದಿನ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆ ದೂರು ತೀರ್ಮಾನಿಸುವ ಅಧಿಕಾರಿಗೆ) ರೋಗಿಯ ಕಡೆಯವರು ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.

ಉತ್ತರ 6: ತಾಲ್ಲೂಕು_ಎಂಒ

ಡಿಸ್ಚಾರ್ಜ್ ಆದ ಮೇಲಿನದನ್ನು ಯಾರೂ ಹೇಳಲಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ಇರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಫೋನ್ ನಂಬರ್ ಇಟ್ಟುಕೊಳ್ಳಿ. ಈ ಜಿಲ್ಲಾ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1985ರಿಂದ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಕೆಲಸದಿಂದ. 1996ರಲ್ಲಿ ಅದನ್ನೇ ದೇಶಕ್ಕೆ ವಿಸ್ತರಿಸಿದರು. ಸೆಕ್ಷನ್ 18 ಪ್ರಕಾರ ಅಗತ್ಯ ಔಷಧಿ ಪಟ್ಟಿಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಖಾಸಗಿಯಲ್ಲಿ ದುಬಾರಿ ಬ್ರ್ಯಾಂಡ್ ಬರೆದು ಕಳಿಸಿದರೆ ಎರಡನೇ ತಿಂಗಳು ಮಾತ್ರೆ ನಿಲ್ಲುತ್ತದೆ. ಹಾಗಾಗಿ ಔಷಧಿಯ ಮೂಲ ಹೆಸರು ಬರೆದು, ‘ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆ’ ಅಂತ ತಾರೀಕು ಹಾಕಿ ಕಳಿಸಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ಗಂಟೆಯೂ ಕನ್ನಡದಲ್ಲೇ ಸಿಗುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಮೇಲ್ಭಾಗದಲ್ಲಿ ಅಚ್ಚು ಹಾಕಿಸಿ. ವಿಷ ಕುಡಿದು ಬದುಕಿದವರಿಗೆ ಮನೆಗೆ ಹೋದ ಮೊದಲ ವಾರ ಬಹಳ ಅಪಾಯದ್ದು. ನರ್ಸ್ ಒಬ್ಬರು 3ನೇ ದಿನ, 7ನೇ ದಿನ ಫೋನ್ ಮಾಡಿ ಊಟ, ನಿದ್ದೆ, ಮಾತ್ರೆ ವಿಚಾರಿಸಲಿ, ಸಾಯುವ ಯೋಚನೆ ಮತ್ತೆ ಬಂತೇ ಅಂತ ನೇರವಾಗಿಯೇ ಕೇಳಲಿ. ಕೇಳಿದರೆ ಯೋಚನೆ ಹೆಚ್ಚಾಗುತ್ತದೆ ಅನ್ನುವುದು ಸುಳ್ಳು. ಮನೆಯಲ್ಲಿ ಉಳಿದ ಕೀಟನಾಶಕದ ಡಬ್ಬಿ ಎಲ್ಲಿದೆ, ಬೀಗ ಹಾಕಿದ್ದಾರೆಯೇ ಅನ್ನುವುದನ್ನೂ ಮನೆಯವರ ಹತ್ತಿರ ಅದೇ ಫೋನಿನಲ್ಲಿ ಕೇಳಿ.

ಆಸ್ಪತ್ರೆ_ಆಡಳಿತ

ಇ-ಮನಸ್‌ಗೆ ಅರ್ಜಿ ಹಾಕುತ್ತೇವೆ. ಅಲ್ಲಿಯವರೆಗೆ ಕುಡಿತದ ಡಿಲೀರಿಯಂ ಕೇಸುಗಳನ್ನು 94ರಡಿ ಸ್ಥಿರಗೊಳಿಸಿ, ದೇಹಸ್ಥಿತಿ ನೋಡಿಕೊಂಡು, ನೋಂದಣಿ ಇರುವ ಕಡೆಗೆ ಕಳಿಸುತ್ತೇವೆ. ದಾಖಲಾತಿ ಫಾರಂನಲ್ಲಿ ‘ಕೊನೆಯ ಸಲ ಕುಡಿದದ್ದು’, ‘ಮನೆಯಲ್ಲಿ ತಗೊಳ್ಳುವ ಮಾತ್ರೆ’ ಅಂತ ಎರಡು ಸಾಲು ಹೊಸದಾಗಿ ಸೇರಿಸಲು ಪ್ರೆಸ್ಸಿಗೆ ಹೇಳಿದ್ದಾಯಿತು.